ವರದಿಯಲ್ಲಿ ನಾನು ಬರೆಯದೆ ಬಿಟ್ಟ ಸಂಖ್ಯೆ



ಶಾಲಾ ವರ್ಷ ಮುಗಿಯುತ್ತಿದೆ. ಇನ್ನು ಕೆಲವೇ ದಿನಗಳಲ್ಲಿ ಮಕ್ಕಳು ಪರೀಕ್ಷೆ ಮುಗಿಸಿ ಏಪ್ರಿಲ್-ಮೇ ರಜೆಗೆ ಮನೆ ಸೇರುತ್ತಾರೆ. ಜೂನ್ ತಿಂಗಳಲ್ಲಿ ಮಗುವನ್ನು ಎಲ್ಲಿಗೆ, ಯಾವ ಮಾಧ್ಯಮಕ್ಕೆ ಸೇರಿಸುವುದೆಂಬ ಮಾತು ನಿಮ್ಮ ಮನೆಗಳಲ್ಲಿ ನಡೆಯುವುದು ಈ ಎರಡು ತಿಂಗಳಲ್ಲಿಯೇ. ಆ ಮಾತುಕತೆಗೆ ಒಂದಿಷ್ಟು ನೆರವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ನಿವೃತ್ತನಾಗಿ ಇಷ್ಟು ವರ್ಷವಾದರೂ ನನಗೆ ಉಪದೇಶದ ಚಟ ಬಿಟ್ಟಿಲ್ಲವೆಂದು ಮನೆಯಾಕೆ ಹೇಳುವುದುಂಟು. ಈ ಸಲ ಹೇಳಹೊರಟಿರುವುದಾದರೋ ಬಹುಪಾಲು ನನ್ನ ಮೇಲೆಯೇ ಬರುವ ಮಾತು.

ಕಾಸರಗೋಡಿನ ಉತ್ತರ ಭಾಗದಲ್ಲಿ, ಒಂದು ಇಗರ್ಜಿಯ ಅಂಗಳಕ್ಕೆ ತಾಗಿಕೊಂಡಿರುವ ಅನುದಾನಿತ ಕಿರಿಯ ಪ್ರಾಥಮಿಕ ಶಾಲೆ ನಮ್ಮದು. ಒಂದರಿಂದ ನಾಲ್ಕರವರೆಗೆ ತರಗತಿಗಳು. ಅಲ್ಲಿ ನಾನು 2004ರಿಂದ 2016ರವರೆಗೆ ಮುಖ್ಯೋಪಾಧ್ಯಾಯನಾಗಿದ್ದೆ. ಕಳೆದ ಫೆಬ್ರವರಿಯ ಒಂದು ಸಂಜೆ ಈಗಿನ ಮುಖ್ಯೋಪಾಧ್ಯಾಯಿನಿ ನಾಲ್ಕು ಹಾಳೆಗಳನ್ನು ಹಿಡಿದು ಮನೆಗೆ ಬಂದರು. "ಮಾಷ್ಟ್ರೇ, ವಾರ್ಷಿಕೋತ್ಸವದ ವರದಿ. ಭಾಷೆ ಒಮ್ಮೆ ನೋಡಿ ಕೊಡಿ" ಎಂದರು. ನನ್ನ ಕಾಲದಲ್ಲಿ ಹೊಸದಾಗಿ ನೇಮಕಗೊಂಡು ಬಂದವರು ಅವರು. ನನ್ನ ವರದಿಗಳನ್ನು ಕೇಳಿಯೇ ವರದಿ ಬರೆಯಲು ಕಲಿತವರೆಂಬುದು ಮೊದಲ ಪುಟ ಓದುವಾಗಲೇ ತಿಳಿಯಿತು.

ಶಾಲೆಯ ವಾರ್ಷಿಕ ವರದಿಯೆಂಬುದು ಒಂದು ವಿಚಿತ್ರ ಸಾಹಿತ್ಯ ಪ್ರಕಾರ. ದೇವರಿಗೆ, ಧರ್ಮಗುರುಗಳಿಗೆ, ರಕ್ಷಕ-ಶಿಕ್ಷಕ ಸಂಘಕ್ಕೆ, ಫ್ಯಾನು ಕೊಟ್ಟವರಿಗೆ, ಪಾಯಸಕ್ಕೆ ಬೆಲ್ಲ ಕೊಟ್ಟವರಿಗೆ ವಂದನೆಗಳು. ನಡುವೆ ಕಲೋತ್ಸವದ ಬಹುಮಾನಗಳು, ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಕ್ಕಳ ಹೆಸರುಗಳು. ಕೊನೆಗೆ ಮುಂದಿನ ವರ್ಷದ ಯೋಜನೆಗಳು. ಹನ್ನೆರಡು ವರ್ಷ ನಾನು ಇಂಥದನ್ನೇ ಬರೆದೆ. ಸ್ವರಭಾರ ಕೊಟ್ಟು ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹನ್ನೆರಡರಲ್ಲಿ ಎಂಟು ವರದಿಗಳಲ್ಲಿ ನಾನು ಒಂದು ಸಂಖ್ಯೆಯನ್ನು ಬೇಕೆಂದೇ ಬಿಟ್ಟಿದ್ದೆ. ಅವರ ನಾಲ್ಕು ಹಾಳೆಗಳಲ್ಲಿಯೂ ಅದೇ ಸಂಖ್ಯೆ ಇರಲಿಲ್ಲ.

ಅದನ್ನು ಹೇಳುವ ಮೊದಲು ಈ ವರ್ಷ ಹೇಗೆ ಕಳೆಯಿತೆಂದು ನಿಮಗೆ ತಿಳಿಸಬೇಕು.

ಜೂನ್ ತಿಂಗಳ ಮಳೆಯಲ್ಲಿ ಪ್ರವೇಶೋತ್ಸವ ನಡೆಯಿತು. ಒಂದನೆಯ ತರಗತಿಯ ಕನ್ನಡ ವಿಭಾಗಕ್ಕೆ ಬಂದ ಮಕ್ಕಳು ಆರು. ಆರು ಮಕ್ಕಳ ಮನೆಮಾತು ಇಂತಿತ್ತು: ಇಬ್ಬರದು ತುಳು, ಒಬ್ಬನದು ಕೊಂಕಣಿ, ಒಬ್ಬಳದು ಮರಾಠಿ, ಒಬ್ಬನದು ಬ್ಯಾರಿ. ಆರನೆಯವಳು ಮುರಕಲ್ಲಿನ ಕೋರೆಯಲ್ಲಿ ಕೆಲಸಕ್ಕೆಂದು ಬಾಗಲಕೋಟೆಯ ಕಡೆಯಿಂದ ಬಂದ ಕುಟುಂಬದ ಹುಡುಗಿ. ಕನ್ನಡ ವಿಭಾಗದಲ್ಲಿ ಮನೆಯಲ್ಲಿ ಕನ್ನಡ ಆಡುವ ಮಗು ಅವಳೊಬ್ಬಳೇ! ಗಡಿಯ ಆಚೆಗಿನವರಿಗೆ ಇದು ನಗುವ ಸಂಗತಿಯಾದೀತು. ಇಲ್ಲಿಯವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮಲ್ಲಿ ಕನ್ನಡವೆಂದರೆ ಬೇರೆ ಬೇರೆ ಮನೆಮಾತಿನವರೆಲ್ಲ ಒಟ್ಟಿಗೆ ಕೂತು ಅಕ್ಷರ ಕಲಿತ ಜಗಲಿ. ಆ ಹುಡುಗಿಯ "ಹೌದ್ರೀ"ಯನ್ನು ಕೇಳಿ ಮೊದಮೊದಲು ಉಳಿದ ಮಕ್ಕಳು ನಕ್ಕರು. ದೀಪಾವಳಿಯ ಹೊತ್ತಿಗೆ ತರಗತಿಯಿಡೀ "ಹೌದ್ರೀ ಟೀಚರ್" ಎನ್ನತೊಡಗಿತ್ತು. ಜನವರಿಯಲ್ಲಿ ಕೋರೆಯ ಕೆಲಸ ಮುಗಿದು ಅವಳ ತಂದೆ ಟಿ.ಸಿ. ತೆಗೆದುಕೊಂಡು ಹೋದರು. ಮಕ್ಕಳು ಈಗಲೂ "ಹೌದ್ರೀ" ಎನ್ನುತ್ತಾರೆ.

ಹೊಸ ಪಾಠಪುಸ್ತಕಗಳಲ್ಲಿ ಒಂದು ವಿಷಯದ ಕನ್ನಡ ಪುಸ್ತಕ ಈ ವರ್ಷವೂ ತಡವಾಗಿ ಬಂದಿತು. ಪಾಠ ಬದಲಾದುದರಿಂದ ಹಳೆಯ ಪುಸ್ತಕ ಕೆಲಸಕ್ಕೆ ಬಾರದು. ಟೀಚರ್ ಮೊಬೈಲಿಗೆ ಬಂದ ಪುಟಗಳನ್ನು ತಮ್ಮ ಹಣದಿಂದಲೇ ಮುದ್ರಿಸಿ ಹಂಚಿದರು. ಮಳೆಯ ರಜೆಗಳು ಬಂದವು, ಹೋದವು. ಸೆಪ್ಟೆಂಬರಿನಲ್ಲಿ ಮೊಂತಿ ಫೆಸ್ತ್‌ಗೆ ಮೊದಲಿನ ಒಂಬತ್ತು ದಿನ ಮಕ್ಕಳು ಹೂ ತಂದರು. ಮಾತೆಯ ಹಬ್ಬಕ್ಕೆ ಹೂ ತರುವುದರಲ್ಲಿ ನಮ್ಮೂರಿನ ಮಕ್ಕಳು ಯಾವ ಧರ್ಮದವರೆಂದು ನೋಡುವ ಪದ್ಧತಿ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. ಹೊಸ ತೆನೆಯ ಒಂದೊಂದು ಕಾಳು ಎಲ್ಲರ ಕೈಗೂ ಬಂತು.

ಈ ವರ್ಷ ನಡೆದುದರಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಒಂದು ಮಧ್ಯಾಹ್ನದ ಪಾಠ. ಊಟದ ಹೊತ್ತಿನಲ್ಲಿ ಒಬ್ಬ ಹುಡುಗ ಇನ್ನೂ ಸ್ವಲ್ಪ "ನುಪ್ಪು" ಬೇಕೆಂದ. ಪಕ್ಕದವನು ಅದು "ಶೀತ್" ಎಂದ. ಇನ್ನೊಬ್ಬ "ಚೋರ್" ಎಂದ. ಮರಾಠಿಯ ಹುಡುಗಿ "ಭಾತ್" ಎಂದಳು. ಜಗಳವಾಯಿತು. ಊಟ ಮುಗಿದ ಮೇಲೆ ಟೀಚರ್ ಕರಿಹಲಗೆಯ ಮೇಲೆ ಅನ್ನ, ನುಪ್ಪು, ಶೀತ್, ಚೋರ್, ಭಾತ್ ಎಂದು ಒಂದರ ಕೆಳಗೊಂದು ಬರೆದರು. ಪ್ರತಿಯೊಂದು ಮಗುವೂ ತನ್ನ ಮನೆಯ ಶಬ್ದವನ್ನು ತಾನೇ ಕೂಡಿಸಿ ಓದಿತು. ಅಷ್ಟು ದಿನ ಓದಲು ಹಿಂಜರಿಯುತ್ತಿದ್ದ ಬ್ಯಾರಿ ಹುಡುಗ ಅಂದು ಮೊದಲ ಬಾರಿಗೆ ಗಟ್ಟಿಯಾಗಿ ಓದಿದನಂತೆ. ಟೀಚರ್ ಇದನ್ನು ನನ್ನೊಡನೆ ಮಾತಿಗೆ ಮಾತು ಬಂದು ಹೇಳಿದರೇ ಹೊರತು ವರದಿಯಲ್ಲಿ ಬರೆದಿರಲಿಲ್ಲ. ಫ್ಯಾನು ಕೊಟ್ಟವರ ಹೆಸರುಗಳನ್ನು ಮಾತ್ರ ಇನಿಷಿಯಲ್ ಸಹಿತ ಬರೆದಿದ್ದರು.

ಇನ್ನು ಆ ಸಂಖ್ಯೆಯ ಮಾತು.

2008ರ ಸುಮಾರಿಗೆ ನಮ್ಮ ಊರಿನ ಒಳದಾರಿಗಳಿಗೂ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗಳ ವಾಹನಗಳು ಬರತೊಡಗಿದ್ದವು. ಒಂದನೆಯ ತರಗತಿಯ ಮಕ್ಕಳ ಸಂಖ್ಯೆ ಒಂದೇ ವರ್ಷದಲ್ಲಿ 36ರಿಂದ 24ಕ್ಕೆ ಇಳಿಯಿತು. ಕೇರಳದ ಶಾಲೆಗಳಲ್ಲಿ ಜೂನ್ ತಿಂಗಳ ಆರನೆಯ ಕೆಲಸದ ದಿನದಂದು ಹಾಜರಿಯ ಲೆಕ್ಕ ತೆಗೆಯುತ್ತಾರೆ. ಅಧ್ಯಾಪಕರ ಹುದ್ದೆಗಳು ನಿಲ್ಲುವುದೂ ಬೀಳುವುದೂ ಅದರ ಮೇಲೆಯೇ. ಆ ಐದು ದಿನಗಳಲ್ಲಿ ಮುಖ್ಯೋಪಾಧ್ಯಾಯನಾದವನಿಗೆ ನಿದ್ದೆ ಬರುವುದಿಲ್ಲ. ಮನೆಮನೆಗೆ ಹೋದಾಗ ನೀವೆಲ್ಲ, ಅಂದರೆ ನಿಮ್ಮಂಥ ಹೆತ್ತವರು, ನನಗೆ ಕಾಫಿ ಕೊಟ್ಟು, "ಮಾಷ್ಟ್ರೇ, ನಿಮ್ಮ ಶಾಲೆಯಲ್ಲಿ ಇಂಗ್ಲಿಷ್ ಇದ್ದಿದ್ದರೆ ನಾವು ಬೇರೆ ಕಡೆ ಯಾಕೆ ಕಳುಹಿಸುತ್ತಿದ್ದೆವು?" ಎಂದು ಕೇಳಿದಿರಿ. ಕೊನೆಗೆ ಇಂಗ್ಲಿಷ್ ಮಾಧ್ಯಮದ ಸಮಾನಾಂತರ ವಿಭಾಗಕ್ಕೆ ಅರ್ಜಿ ಬರೆದವನು ನಾನು. ವ್ಯವಸ್ಥಾಪಕರಾಗಿದ್ದ ಫಾದರ್ ತೀರ್ಮಾನವನ್ನು ನನಗೇ ಬಿಟ್ಟಿದ್ದರು. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಎದ್ದು ನಿಂತು, "ಕನ್ನಡ ವಿಭಾಗವನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಇಂಗ್ಲಿಷ್ ವಿಭಾಗ" ಎಂದೆ. ಶಾಲೆ ಉಳಿದರೆ ಕನ್ನಡ ಉಳಿದೀತೆಂದು ನಾನು ನಿಜವಾಗಿಯೂ ನಂಬಿದ್ದೆ.

ಶಾಲೆ ಉಳಿಯಿತು. ಮುಂದಿನ ವರ್ಷದ ವರದಿಯಲ್ಲಿ "ದಾಖಲಾತಿಯಲ್ಲಿ ಗಣನೀಯ ಏರಿಕೆ" ಎಂದು ಓದಿದೆ; ಚಪ್ಪಾಳೆ ಬಿತ್ತು. ಅಂದಿನಿಂದ ನಿವೃತ್ತಿಯವರೆಗೆ ನಾನು ಒಟ್ಟು ಸಂಖ್ಯೆಯನ್ನು ಮಾತ್ರ ಓದಿದೆ. ಅದರಲ್ಲಿ ಕನ್ನಡದಲ್ಲಿ ಕಲಿಯುವವರೆಷ್ಟು ಎಂಬುದನ್ನು ಬೇರೆಯಾಗಿ ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತೋ ಅರಿಯೆ. ಯಾರೂ ಕೇಳಲೂ ಇಲ್ಲ. ಇಂಗ್ಲಿಷ್ ವಿಭಾಗ ತೆರೆದುದು ತಪ್ಪೆಂದು ಇಂದಿಗೂ ನನಗೆ ಖಚಿತವಾಗಿ ಹೇಳಲಾಗುವುದಿಲ್ಲ. ತೆರೆಯದಿದ್ದರೆ ಕಟ್ಟಡಕ್ಕೇ ಬೀಗ ಬೀಳುತ್ತಿತ್ತೇನೋ. ಆದರೆ ಲೆಕ್ಕವನ್ನು ಮರೆಮಾಡಿದ್ದು ತಪ್ಪು. ತಾನೇ ಕಾಣದ ಕುಸಿತವನ್ನು ಊರು ಹೇಗೆ ತಡೆದೀತು?

ಈ ವರ್ಷದ ಲೆಕ್ಕ ಇದು. ಶಾಲೆಯ ಒಟ್ಟು ಮಕ್ಕಳು 101. ಇಂಗ್ಲಿಷ್ ವಿಭಾಗದಲ್ಲಿ 64, ಕನ್ನಡ ವಿಭಾಗದಲ್ಲಿ 37. ಕನ್ನಡ ವಿಭಾಗದ ನಾಲ್ಕನೆಯ ತರಗತಿಯಲ್ಲಿ 12, ಮೂರರಲ್ಲಿ 11, ಎರಡರಲ್ಲಿ 8, ಒಂದರಲ್ಲಿ 6. ಮೆಟ್ಟಿಲಿನಂತೆ ಇಳಿಯುತ್ತ ಬಂದಿರುವುದನ್ನು ನೀವೇ ನೋಡಬಹುದು. ಕಳೆದ ವರ್ಷ ಕನ್ನಡದಲ್ಲಿ 44 ಮಂದಿಯಿದ್ದರು. ನಲವತ್ತಕ್ಕಿಂತ ಕೆಳಗೆ ಬಂದುದು ಇದೇ ಮೊದಲು.

ನಲವತ್ತಕ್ಕೇ ಏನು ಮಹತ್ವವೆಂದು ಕೇಳುವಿರಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಒಂದು ಅಳತೆಗೋಲನ್ನು ಒಪ್ಪಿಕೊಂಡಿತು: ಆ ಪ್ರದೇಶದ ಭಾಷೆಗಿಂತ ಬೇರೆ ಮಾತೃಭಾಷೆಯುಳ್ಳ ಮಕ್ಕಳು ಒಂದು ತರಗತಿಯಲ್ಲಿ ಹತ್ತು ಮಂದಿ ಅಥವಾ ಇಡೀ ಶಾಲೆಯಲ್ಲಿ ನಲವತ್ತು ಮಂದಿ ಇದ್ದರೆ, ಅವರ ಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಅಧ್ಯಾಪಕನನ್ನು ಕೊಡಬೇಕು. ಮಾತೃಭಾಷೆ ಯಾವುದೆಂದು ಹೇಳುವವರು ಯಾರು? ಹೆತ್ತವರು ಅಥವಾ ರಕ್ಷಕರು ಯಾವುದನ್ನು ಮಾತೃಭಾಷೆಯೆಂದು ಘೋಷಿಸುತ್ತಾರೋ ಅದೇ ಮಾತೃಭಾಷೆ ಎಂದು ಅದೇ ನಿರ್ಣಯ ಹೇಳಿತು. 1956ರಲ್ಲಿ, ರಾಜ್ಯಗಳ ಪುನರ್ವಿಂಗಡಣೆಯಾಗಿ ನಮ್ಮ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಸೇರಿದ ವರ್ಷದಲ್ಲಿಯೇ, ಸಂವಿಧಾನಕ್ಕೆ 350ಎ ಎಂಬ ವಿಧಿಯನ್ನು ಸೇರಿಸಲಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. "ಪ್ರಯತ್ನಿಸತಕ್ಕದ್ದು" ಎಂಬ ಕ್ರಿಯಾಪದವನ್ನು ಗಮನಿಸಿ. ವ್ಯಾಕರಣದ ಅಧ್ಯಾಪಕನಾಗಿ ನನಗೆ ಅದು ಬಹಳ ಮೆದುವಾದ ಕ್ರಿಯಾಪದವಾಗಿ ಕಾಣುತ್ತದೆ. ಹಕ್ಕು ಕೇಳುವುದಕ್ಕೂ ತರಗತಿಯಲ್ಲಿ ಮಕ್ಕಳು ಕುಳಿತಿರಬೇಕಾಗುತ್ತದೆ. 2017ರಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ನಮ್ಮ ಜಿಲ್ಲೆಯ ಕನ್ನಡಿಗರು ಬೀದಿಗಿಳಿದು ಪ್ರತಿಭಟಿಸಿದರು. ಆ ಮೆರವಣಿಗೆಯಲ್ಲಿ ನಾನೂ ಇದ್ದೆ. ನನ್ನೊಡನೆ ಘೋಷಣೆ ಕೂಗುತ್ತಿದ್ದವರಲ್ಲಿ ಎಷ್ಟು ಮಂದಿಯ ಮಕ್ಕಳು ಕನ್ನಡ ವಿಭಾಗದಲ್ಲಿದ್ದಾರೆಂದು ನಡೆಯುತ್ತ ನಡೆಯುತ್ತ ಲೆಕ್ಕ ಹಾಕಿದೆ. ಬೆರಳುಗಳು ಸಾಕಾದವು.

ಈಗ ನಮ್ಮ ಕೊಂಕಣಿ ಮನೆಗಳವರಿಗೆ, ಹಾಗೆಯೇ ತುಳು ಮನೆಗಳವರಿಗೆ, ಒಂದು ಮಾತು. "ನಮ್ಮ ಮಾತೃಭಾಷೆ ಕನ್ನಡವಲ್ಲವಲ್ಲ, ನಮಗೇಕೆ ಕನ್ನಡ ಮಾಧ್ಯಮ?" ಎಂದು ನೀವು ಕೇಳುತ್ತೀರಿ. ನಾನೂ ಕೊಂಕಣಿ ಮನೆಯವನೇ. ನನ್ನ ತಾಯಿಗೆ ಕನ್ನಡ ಮಾತಾಡಲು ಸಲೀಸಾಗಿ ಬರುತ್ತಿರಲಿಲ್ಲ. ಅಂಗಡಿಯಲ್ಲಿ ತುಳು, ಮನೆಯಲ್ಲಿ ಕೊಂಕಣಿ. ಆದರೆ ರಾತ್ರಿ ಜಪಸರವಾದ ಮೇಲೆ ಚಿಮಿಣಿಯ ಬೆಳಕಿನಲ್ಲಿ ಆಕೆ ಓದುತ್ತಿದ್ದ ಪ್ರಾರ್ಥನೆಯ ಪುಸ್ತಕ ಇದ್ದದ್ದು ಕನ್ನಡ ಲಿಪಿಯಲ್ಲಿ. ಮಂಗಳೂರಿನಿಂದ 1938ರಿಂದ ಹೊರಡುತ್ತಿರುವ 'ರಾಕ್ಣೊ' ವಾರಪತ್ರಿಕೆಯ ಭಾಷೆ ಕೊಂಕಣಿ, ಅಕ್ಷರ ಕನ್ನಡ. ಬೇಳದ ಶೋಕಮಾತೆಯ ಇಗರ್ಜಿ 1890ರ ಕಾಲದ್ದು. ಅಲ್ಲಿಂದೀಚೆಗೆ ಈ ನಾಡಿನಲ್ಲಿ ಅಜ್ಜ-ಅಜ್ಜಿಯರು ಕೊಂಕಣಿಯನ್ನು ಓದಿದ್ದು ಕನ್ನಡ ಅಕ್ಷರಗಳಲ್ಲಿಯೇ. ತುಳುವಿನ ಪುಸ್ತಕಗಳು ಅಚ್ಚಾಗುವುದೂ ಬಹುಮಟ್ಟಿಗೆ ಇದೇ ಲಿಪಿಯಲ್ಲಿ.

ಎರಡು ವರ್ಷಗಳ ಹಿಂದೆ ನಮ್ಮ ವಾಡೆಯಲ್ಲಿ ಮಕ್ಕಳನ್ನು ಪ್ರಥಮ ಪರಮಪ್ರಸಾದಕ್ಕೆ ಸಿದ್ಧಗೊಳಿಸುವಾಗ ಸಿಸ್ಟರ್ ಒಬ್ಬರಿಗೆ ಸಹಾಯಕ್ಕೆ ಹೋಗಿದ್ದೆ. ಒಂಬತ್ತು ಮಕ್ಕಳಲ್ಲಿ ಏಳು ಮಕ್ಕಳ ಕೈಯಲ್ಲಿ ಪುಸ್ತಕವಿರಲಿಲ್ಲ, ಚೀಟಿಯಿತ್ತು. ಕೊಂಕಣಿಯ ಪ್ರಾರ್ಥನೆಗಳನ್ನು ಅವರ ತಾಯಂದಿರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟಿದ್ದರು. ಒಬ್ಬ ಹುಡುಗನ ಚೀಟಿ ಮಳೆಯಲ್ಲಿ ನೆನೆದು ಹೋಗಿತ್ತು. ನನ್ನ ತಾಯಿಯ ಹಳೆಯ ಪುಸ್ತಕವನ್ನು ಅವನ ಮುಂದಿಟ್ಟೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಯಾವ ಭಾಷೆ?" ಎಂದು ಕೊಂಕಣಿಯಲ್ಲಿ ಕೇಳಿದ. ಅದು ಅವನು ಆಡುತ್ತಿದ್ದ ಭಾಷೆಯೇ ಆಗಿತ್ತು. ಅವನ ತಂದೆ ನನ್ನ ವಿದ್ಯಾರ್ಥಿ. ಅವನು ಓದುತ್ತಿರುವುದು ನಾನು ಅರ್ಜಿ ಬರೆದು ತೆರೆಯಿಸಿದ ವಿಭಾಗದಲ್ಲಿ.

ಇಂಗ್ಲಿಷಿನ ಬಗೆಗೆ ನಿಮ್ಮ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗಲ್ಫಿಗೆ, ಬೆಂಗಳೂರಿಗೆ, ಮಂಗಳೂರಿನ ಕಾಲೇಜುಗಳಿಗೆ ಹೋಗುವ ಮಕ್ಕಳಿಗೆ ಇಂಗ್ಲಿಷ್ ಬೇಕು. ಕನ್ನಡ ವಿಭಾಗದಲ್ಲಿ ಇಂಗ್ಲಿಷನ್ನು ನಾವು ಒಳ್ಳೆಯದಾಗಿ ಕಲಿಸಿದೆವೆಂದು ಹೇಳಿಕೊಳ್ಳುವ ಧೈರ್ಯವೂ ನನಗಿಲ್ಲ. ಬಹಳ ವರ್ಷ ಕಲಿಸಲಿಲ್ಲ, ಕಂಠಪಾಠ ಮಾಡಿಸಿದೆವು. ಆದರೆ ಆರು ವರ್ಷದ ಮಗುವಿಗೆ ಗಣಿತದ ಲೆಕ್ಕವೂ ಹೊಸದು, ಲೆಕ್ಕ ಹೇಳುವ ಭಾಷೆಯೂ ಹೊಸದು ಎಂದಾದರೆ ಅದು ಸುಮ್ಮನಾಗುತ್ತದೆ. ಇಂಗ್ಲಿಷ್ ವಿಭಾಗದ ಆ ಮೌನವನ್ನು ಶಿಸ್ತೆಂದು ತಿಳಿದು ನಾವು ಮೆಚ್ಚಿಕೊಂಡಿದ್ದೆವು. ಕನ್ನಡದಲ್ಲಿ ಮುಂದುವರಿಯಲು ದಾರಿಯಿಲ್ಲವೆಂಬ ಮಾತೂ ಪೂರ್ತಿ ನಿಜವಲ್ಲ. ಜಿಲ್ಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮವಿರುವ ಶಾಲೆಗಳಿವೆ. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಎಂ.ಎ. ಇದೆ, ಕೇರಳದ ಲೋಕಸೇವಾ ಆಯೋಗವು ಕನ್ನಡ ಮಾಧ್ಯಮದ ಪ್ರಾಥಮಿಕ ಅಧ್ಯಾಪಕ ಹುದ್ದೆಗಳಿಗೆ ಬೇರೆಯಾಗಿಯೇ ಅರ್ಜಿ ಕರೆಯುತ್ತದೆ. ಅಷ್ಟರಿಂದಲೇ ಎಲ್ಲರಿಗೂ ಉದ್ಯೋಗ ಸಿಕ್ಕೀತೆಂದು ನಾನು ಹೇಳಲಾರೆ. ಮಗು ಕನ್ನಡ ಕಲಿತರೆ ಬೀದಿಪಾಲಾಗುತ್ತದೆಂಬ ಮಾತನ್ನಂತೂ ಒಪ್ಪಲಾರೆ.

ಅಂದು ಸಂಜೆ ಇದನ್ನೆಲ್ಲ ಟೀಚರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಮಾಷ್ಟ್ರೇ, ಸಂಖ್ಯೆ ಓದಿದರೆ ಇರುವವರೂ ಹೆದರಿ ಬಿಟ್ಟುಹೋದರೆ?" ಎಂದು ಕೇಳಿದರು. ಎಂಟು ವರ್ಷ ನನ್ನನ್ನು ಕಟ್ಟಿಹಾಕಿದ ಪ್ರಶ್ನೆಯೂ ಅದೇ. ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ವರ್ಷದ ಯೋಜನೆಗಳ ಪುಟವನ್ನು ತೆರೆದು ಇಬ್ಬರೂ ಕುಳಿತೆವು. ಅಲ್ಲಿ ಇದ್ದದ್ದು ಪ್ರವೇಶದ್ವಾರಕ್ಕೆ ಕಮಾನು, ಅಂಗಳಕ್ಕೆ ಇಂಟರ್‌ಲಾಕ್, ಎರಡು ಶೌಚಾಲಯಗಳ ದುರಸ್ತಿ. ಶೌಚಾಲಯ ಬೇಕು. ಕಮಾನನ್ನು ಬಿಡಿ ಎಂದೆ; ದಾನಿಗಳು ಮಾತುಕೊಟ್ಟಾಗಿದೆ ಎಂದರು. ಕಮಾನು ಉಳಿಯಿತು.

ಅದರ ಕೆಳಗೆ ನಾವು ಸೇರಿಸಿದ ಮುಖ್ಯ ಸಂಗತಿ ಪ್ರವೇಶ ಅರ್ಜಿಗೆ ಸಂಬಂಧಿಸಿದ್ದು. ಅದರಲ್ಲಿ ಮಾತೃಭಾಷೆ, ಬೋಧನಾ ಮಾಧ್ಯಮ, ಪ್ರಥಮ ಭಾಷೆ ಎಂದು ಬೇರೆ ಬೇರೆ ಕಾಲಂಗಳಿವೆ. ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಮಗುವೂ ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಬಹುದು. ಇಂಗ್ಲಿಷ್ ವಿಭಾಗದ 64 ಮಕ್ಕಳಲ್ಲಿ ಹಾಗೆ ಓದುತ್ತಿರುವವರು 23. ಉಳಿದ 41 ಮಂದಿಯಲ್ಲಿ ಹಲವರ ಹೆತ್ತವರು ಆ ಕಾಲಂ ಅನ್ನು ಖಾಲಿ ಬಿಟ್ಟಿದ್ದರು. ವೇಳಾಪಟ್ಟಿಗೆ ಅನುಕೂಲವಾಗುವಂತೆ ಶಾಲೆಯವರೇ ತುಂಬಿದರು. ನನ್ನ ಕಾಲದಲ್ಲಿ ಅದನ್ನು ತುಂಬಿದ್ದು ನನ್ನದೇ ಪೆನ್ನು. ಇನ್ನು ಮುಂದೆ ಖಾಲಿ ಕಾಲಂ ಇರುವ ಅರ್ಜಿಯನ್ನು ಸ್ವೀಕರಿಸದೆ, ಹೆತ್ತವರಿಗೆ ವಿವರಿಸಿ ಅವರ ಕೈಯಿಂದಲೇ ತುಂಬಿಸಬೇಕೆಂದು ಬರೆದೆವು. ಎರಡೂ ವಿಭಾಗಗಳ ಸಂಖ್ಯೆಯನ್ನು ಪ್ರತಿ ವರ್ಷದ ವರದಿಯಲ್ಲಿ ಬೇರೆ ಬೇರೆಯಾಗಿ ಓದಬೇಕೆಂದೂ ಬರೆದೆವು. ಶನಿವಾರ ಬೆಳಿಗ್ಗೆ ಇಂಗ್ಲಿಷ್ ವಿಭಾಗದ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವ ಕೆಲಸವನ್ನು ಸಂಬಳವಿಲ್ಲದೆ ನಾನು ವಹಿಸಿಕೊಂಡೆ.

ಮಂಜೇಶ್ವರದಲ್ಲಿರಲಿ, ತಾಳವಾಡಿಯಲ್ಲಿರಲಿ, ಜತ್ತ-ಅಕ್ಕಲಕೋಟೆಗಳಲ್ಲಿರಲಿ, ಇದನ್ನು ಓದುತ್ತಿರುವ ನೀವು ಈ ರಜೆಯಲ್ಲಿ ಮಗುವಿನ ಅರ್ಜಿಯನ್ನು ಕೈಗೆತ್ತಿಕೊಂಡಾಗ ಭಾಷೆಯ ಕಾಲಂಗಳನ್ನು ನೀವೇ ತುಂಬಿ. ಮಾತೃಭಾಷೆ ಕೊಂಕಣಿಯೋ ತುಳುವೋ ಆಗಿದ್ದರೆ ಹಾಗೆಯೇ ಬರೆಯಿರಿ. ಕನ್ನಡವೂ ನಿಮ್ಮದೇ ಎನಿಸಿದರೆ ಕನ್ನಡವೆಂದು ಬರೆಯಿರಿ. ನನ್ನ ತಂದೆ ನನ್ನ ಒಂದು ದಾಖಲೆಯಲ್ಲಿ ಕೊಂಕಣಿ ಎಂದೂ ಇನ್ನೊಂದರಲ್ಲಿ ಕನ್ನಡ ಎಂದೂ ಬರೆಸಿದ್ದರು. ಆಗ ನಾನು ಅದನ್ನು ಅಜಾಗರೂಕತೆಯೆಂದು ತಿಳಿದಿದ್ದೆ. ಶಾಲೆಯವರನ್ನು ಕೇಳಿ: ಕನ್ನಡದಲ್ಲಿ ಕಲಿಯುವವರು ಎಷ್ಟು ಮಂದಿ? ಕಳೆದ ವರ್ಷ ಎಷ್ಟಿದ್ದರು? ಹೇಳಲು ಹಿಂಜರಿದರೆ ಬಿಡಬೇಡಿ. ನನ್ನಂಥ ಮುಖ್ಯೋಪಾಧ್ಯಾಯರು ಕೇಳದೆ ಹೇಳುವವರಲ್ಲ.

ವಾರ್ಷಿಕೋತ್ಸವದ ದಿನ ಟೀಚರ್ ಸಂಖ್ಯೆಯನ್ನು ಓದಿದರು. ಧ್ವನಿ ತುಸು ನಡುಗಿತು. ಚಪ್ಪಾಳೆ ಬೀಳಲಿಲ್ಲ, ಕಮಾನಿನ ದಾನಿಗಳ ಹೆಸರು ಬಂದಾಗ ಬಿತ್ತು. ಕಾರ್ಯಕ್ರಮ ಮುಗಿದ ಮೇಲೆ ಇಬ್ಬರು ತಾಯಂದಿರು ಶನಿವಾರದ ಪಾಠ ಎಷ್ಟು ಗಂಟೆಗೆಂದು ಕೇಳಿಕೊಂಡು ಹೋದರು. ಒಬ್ಬ ತಂದೆ, ಶಾಲೆ ಮುಚ್ಚುತ್ತದೆಯೇ ಎಂದು ಕೇಳಿದರು. ಮುಂದಿನ ವರ್ಷ ಅವರ ಮಗು ಬೇರೆ ಕಡೆಗೆ ಹೋದರೂ ಹೋದೀತು.

ಮೊದಲ ಶನಿವಾರ ನಾಲ್ವರು ಬಂದರು. ಕಳೆದ ಶನಿವಾರ ಏಳು ಮಂದಿ. ಅವರಲ್ಲಿ ಒಬ್ಬಳು ಬರುವುದು ನಾನು ಕೊಡುವ ಬಿಸ್ಕತ್ತಿಗಾಗಿ ಎಂದು ಅವಳೇ ಹೇಳಿದ್ದಾಳೆ. ಚೀಟಿ ನೆನೆದು ಹೋಗಿದ್ದ ಆ ಹುಡುಗನೂ ಬರುತ್ತಿದ್ದಾನೆ. ಕಾಗುಣಿತದಲ್ಲಿ ದೀರ್ಘಗಳು ಇನ್ನೂ ತಪ್ಪುತ್ತವೆ, ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾನೆ. ತಾಯಿಯ ಪುಸ್ತಕದ ಮೊದಲ ಪುಟದಲ್ಲಿ ಬೆರಳಿಟ್ಟು ಓದುತ್ತ ಈಗ ಮೂರನೆಯ ಸಾಲಿಗೆ ಬಂದಿದ್ದಾನೆ.